ಸ್ಯಾಶ್ ಕಿಟಕಿಗಳಿಗೆ ಒಳಗಾಜು ಅಳವಡಿಕೆ

ಸ್ಯಾಶ್ ಕಿಟಕಿಗಳಿಗೆ ಒಳಗಾಜು ಅಳವಡಿಸುವುದು ಹಳೆಯ ಮನೆಗಳ ಮೂಲ ಕಿಟಕಿಗಳನ್ನು ಕಿತ್ತುಹಾಕದೆಯೇ ಮನೆಯೊಳಗಿನ ಶಾಖವನ್ನು ಉಳಿಸಿಕೊಳ್ಳುವ ಒಂದು ವಿಧಾನ. ಮೂಲ ಕಿಟಕಿಯ ಒಳಮಗ್ಗುಲಿನಲ್ಲಿ, ಅದರಿಂದ ತುಸು ಅಂತರದಲ್ಲಿ, ಪ್ರತ್ಯೇಕ ಚೌಕಟ್ಟಿನಲ್ಲಿ ಕೂರಿಸಿದ ಇನ್ನೊಂದು ಗಾಜನ್ನು ನಿಲ್ಲಿಸಲಾಗುತ್ತದೆ. ಬ್ರಿಟನ್ನಿನಲ್ಲಿ ಇದನ್ನು ಸೆಕೆಂಡರಿ ಗ್ಲೇಜಿಂಗ್ ಎಂದು ಕರೆಯುತ್ತಾರೆ. ಎರಡು ಗಾಜುಗಳನ್ನು ಒಂದೇ ಘಟಕವಾಗಿ ಬೆಸೆದು ಮುಚ್ಚಿದ ಡಬಲ್ ಗ್ಲೇಜಿಂಗ್‌ಗಿಂತ ಇದು ಭಿನ್ನವಾದುದು. ಇಲ್ಲಿ ಹಳೆಯ ಕಿಟಕಿ ಇದ್ದಂತೆಯೇ ಇರುತ್ತದೆ. ಹೊಸ ಗಾಜನ್ನು ಬೇಡವಾದಾಗ ತೆಗೆದುಬಿಡಬಹುದು. ಈ ಕಾರಣದಿಂದ ಸಂರಕ್ಷಿತ ಕಟ್ಟಡಗಳಲ್ಲಿ ಈ ವಿಧಾನಕ್ಕೆ ವಿಶೇಷ ಮಹತ್ವವಿದೆ.

ಸ್ಯಾಶ್ ಕಿಟಕಿಯ ರಚನೆ

ಸ್ಯಾಶ್ ಕಿಟಕಿಯು ಮೇಲಕ್ಕೂ ಕೆಳಕ್ಕೂ ಜಾರುವ ಎರಡು ಗಾಜಿನ ಪಡಿಗಳನ್ನು ಹೊಂದಿರುತ್ತದೆ. ಮೇಲಿನ ಪಡಿ ಹೊರಬದಿಯ ಜಾಡಿನಲ್ಲಿಯೂ ಕೆಳಗಿನ ಪಡಿ ಒಳಬದಿಯ ಜಾಡಿನಲ್ಲಿಯೂ ಚಲಿಸುತ್ತವೆ. ಕಿಟಕಿಯ ಎರಡೂ ಪಕ್ಕಗಳಲ್ಲಿ ಪೆಟ್ಟಿಗೆಯಂತಹ ಟೊಳ್ಳು ಚೌಕಟ್ಟು ಇರುತ್ತದೆ. ಪಡಿಗೆ ಕಟ್ಟಿದ ಹಗ್ಗವು ಚೌಕಟ್ಟಿನ ಮೇಲ್ಭಾಗದ ರಾಟೆಯ ಮೇಲೆ ಹಾದು ಟೊಳ್ಳಿನೊಳಗೆ ಇಳಿದು, ಅಲ್ಲಿ ಕಬ್ಬಿಣದ ಅಥವಾ ಸೀಸದ ತೂಕಕ್ಕೆ ಸೇರುತ್ತದೆ. ಪಡಿಯ ಭಾರವನ್ನು ಈ ತೂಕಗಳು ಸರಿದೂಗಿಸುವುದರಿಂದ ದೊಡ್ಡ ಕಿಟಕಿಯನ್ನೂ ಸುಲಭವಾಗಿ ಎತ್ತಬಹುದು. ಎತ್ತಿದ ಪಡಿ ಬಿಟ್ಟಲ್ಲಿಯೇ ನಿಲ್ಲುತ್ತದೆ.

ಪಡಿಗಳು ಸರಾಗವಾಗಿ ಜಾರಬೇಕಾದರೆ ಅವುಗಳ ಸುತ್ತ ಸ್ವಲ್ಪ ಸಡಿಲ ಅನಿವಾರ್ಯ. ಚಳಿಗಾಲದ ಗಾಳಿ ಒಳನುಗ್ಗುವುದು ಈ ಸಡಿಲದಿಂದಲೇ. ಹೀಗಾಗಿ ಸ್ಯಾಶ್ ಕಿಟಕಿಯಲ್ಲಿ ಶಾಖವು ತೆಳುವಾದ ಒಂಟಿ ಗಾಜಿನ ಮೂಲಕವೂ ಸಂದುಗಳ ಮೂಲಕವೂ ನಷ್ಟವಾಗುತ್ತದೆ.

ಐತಿಹಾಸಿಕ ಹಿನ್ನೆಲೆ

ತೂಕ ಮತ್ತು ರಾಟೆಗಳಿಂದ ನಡೆಯುವ ಸ್ಯಾಶ್ ಕಿಟಕಿಯು 17ನೆಯ ಶತಮಾನದ ಉತ್ತರಾರ್ಧದಲ್ಲಿ ಇಂಗ್ಲೆಂಡಿನಲ್ಲಿ ಬಳಕೆಗೆ ಬಂದಿತು. 1666ರ ಮಹಾ ಬೆಂಕಿಯ ಅನುಭವದಿಂದಾಗಿ ಲಂಡನ್ನಿನ ಕಟ್ಟಡ ಕಾನೂನುಗಳು ಕಿಟಕಿಯ ಮರದ ಭಾಗಗಳ ಕುರಿತೂ ನಿಯಮಗಳನ್ನು ರೂಪಿಸಿದವು. 1709ರ ಕಾಯಿದೆಯು ಕಿಟಕಿಯ ಚೌಕಟ್ಟನ್ನು ಗೋಡೆಯ ಹೊರಮೈಯಿಂದ ನಾಲ್ಕು ಅಂಗುಲ ಹಿಂದಕ್ಕೆ ಸರಿಸಬೇಕೆಂದು ವಿಧಿಸಿತು. 1774ರ ಕಾಯಿದೆಯ ತರುವಾಯ ಚೌಕಟ್ಟಿನ ಪೆಟ್ಟಿಗೆಯು ಹೊರಗಿನ ಇಟ್ಟಿಗೆಯ ಹಿಂದೆ ಮರೆಯಾಯಿತು.

ಜಾರ್ಜಿಯನ್ ಕಾಲದ ಕಿಟಕಿಗಳಲ್ಲಿ ಪ್ರತಿ ಪಡಿಗೆ ಆರು ಚಿಕ್ಕ ಗಾಜುಗಳಿರುವುದು ಸಾಮಾನ್ಯ. ಊದಿದ ಗಾಜನ್ನು ವೇಗವಾಗಿ ತಿರುಗಿಸಿ ತಟ್ಟೆಯಂತೆ ಹರಡಿ, ಅದರಿಂದ ಈ ತುಂಡುಗಳನ್ನು ಕತ್ತರಿಸುತ್ತಿದ್ದರು. 1845ರಲ್ಲಿ ಗಾಜಿನ ಮೇಲಿನ ಸುಂಕವೂ, 1696ರಿಂದ ಜಾರಿಯಲ್ಲಿದ್ದ ಕಿಟಕಿ ತೆರಿಗೆಯು 1851ರಲ್ಲಿಯೂ ರದ್ದಾದವು. ಆ ಬಳಿಕ ವಿಕ್ಟೋರಿಯನ್ ಮನೆಗಳಲ್ಲಿ ದೊಡ್ಡ ಗಾಜುಗಳು ಸಾಮಾನ್ಯವಾದವು. ಹಳೆಯ ಗಾಜಿನ ಮೈಯಲ್ಲಿ ಕಾಣುವ ಸಣ್ಣ ಅಲೆಗಳು ಮತ್ತು ಗುಳ್ಳೆಗಳು ಕೈಕೆಲಸದ ಗುರುತುಗಳು. 1950ರ ದಶಕದಲ್ಲಿ ಬಂದ ಫ್ಲೋಟ್ ವಿಧಾನದ ಗಾಜು ಪೂರ್ಣ ಸಮತಲವಾಗಿರುವುದರಿಂದ, ಒಮ್ಮೆ ಒಡೆದ ಹಳೆಯ ಗಾಜಿನ ನೋಟವನ್ನು ಅದು ಮರಳಿ ತರಲಾರದು.

ಇಂಗ್ಲೆಂಡಿನ ಮನೆಗಳಲ್ಲಿ ಸುಮಾರು ಐದನೆಯ ಒಂದು ಭಾಗ 1919ಕ್ಕೂ ಮೊದಲು ಕಟ್ಟಿದವು. ಆದುದರಿಂದ ಹಳೆಯ ಕಿಟಕಿಗಳ ಶಾಖನಷ್ಟವು ಕೆಲವೇ ಅರಮನೆಗಳ ಪ್ರಶ್ನೆಯಲ್ಲ. ಸಾಮಾನ್ಯ ಕುಟುಂಬಗಳ ಇಂಧನ ವೆಚ್ಚದ ಪ್ರಶ್ನೆಯೂ ಹೌದು.

ಶಾಖವನ್ನು ತಡೆಯುವ ಬಗೆ

ಕಿಟಕಿಯ ಮೂಲಕ ಆಗುವ ಶಾಖನಷ್ಟವನ್ನು ಯು-ಮೌಲ್ಯದಿಂದ ಅಳೆಯುತ್ತಾರೆ. ಒಳಗೂ ಹೊರಗೂ ಒಂದು ಡಿಗ್ರಿ ಉಷ್ಣಾಂಶದ ವ್ಯತ್ಯಾಸವಿದ್ದಾಗ ಒಂದು ಚದರ ಮೀಟರ್ ಮೂಲಕ ಎಷ್ಟು ವ್ಯಾಟ್ ಶಾಖ ಹೊರಹೋಗುತ್ತದೆ ಎಂಬುದನ್ನು ಇದು ಸೂಚಿಸುತ್ತದೆ. ಮೌಲ್ಯ ಕಡಿಮೆಯಾದಷ್ಟೂ ಕಿಟಕಿ ಉತ್ತಮ. ಒಂಟಿ ಗಾಜಿನ ಮರದ ಕಿಟಕಿಯ ಯು-ಮೌಲ್ಯ ಸುಮಾರು 5. ಉದಾಹರಣೆಗೆ, ಒಂದೂವರೆ ಚದರ ಮೀಟರ್ ವಿಸ್ತಾರದ ಕಿಟಕಿಯ ಒಳಗೆ 20 ಡಿಗ್ರಿ, ಹೊರಗೆ 5 ಡಿಗ್ರಿ ಸೆಲ್ಸಿಯಸ್ ಇದ್ದರೆ, ಸುಮಾರು 112 ವ್ಯಾಟ್ ಶಾಖವು ಎಡೆಬಿಡದೆ ಹೊರಹೋಗುತ್ತಿರುತ್ತದೆ. ಈ ನಷ್ಟ ಶೇ. 60ರಷ್ಟು ಕಡಿಮೆಯಾದರೆ ಅದು 45 ವ್ಯಾಟ್‌ಗೆ ಇಳಿಯುತ್ತದೆ.

ಎರಡು ಗಾಜುಗಳ ನಡುವೆ ಸಿಕ್ಕಿಕೊಂಡ ಗಾಳಿಯೇ ಇಲ್ಲಿನ ಮುಖ್ಯ ತಡೆ. ನಿಶ್ಚಲ ಗಾಳಿಯು ಶಾಖವನ್ನು ಬಹಳ ನಿಧಾನವಾಗಿ ಸಾಗಿಸುತ್ತದೆ. ಅಂತರವು ತೀರ ಕಿರಿದಾದರೆ ಶಾಖವು ಗಾಳಿಯ ತೆಳುಪದರವನ್ನು ಸುಲಭವಾಗಿ ದಾಟುತ್ತದೆ. ತೀರ ಅಗಲವಾದರೆ ಬಿಸಿಯಾದ ಗಾಳಿ ಮೇಲೇರಿ ತಣ್ಣಗಾದುದು ಕೆಳಗಿಳಿದು ಒಂದು ಸುತ್ತು ಹರಿವು ಉಂಟಾಗುತ್ತದೆ. ಶಾಖದ ದೃಷ್ಟಿಯಿಂದ 16ರಿಂದ 20 ಮಿ.ಮೀ. ಅಂತರ ಉತ್ತಮ. ಸ್ಯಾಶ್ ಕಿಟಕಿಯ ದಪ್ಪ ಮತ್ತು ಒಳಕ್ಕೆ ಚಾಚಿದ ಚಿಲಕ, ಹಿಡಿಕೆಗಳ ಕಾರಣ ಇಷ್ಟು ಕಡಿಮೆ ಅಂತರ ಸಾಮಾನ್ಯವಾಗಿ ಸಾಧ್ಯವಾಗದು. ಆದರೆ ಅಂತರ ಹೆಚ್ಚಾದಾಗ ಪ್ರಯೋಜನ ಸ್ವಲ್ಪವೇ ಕುಗ್ಗುತ್ತದೆ.

ಒಳಗಾಜಿಗೆ ಲೋ-ಇ ಎಂಬ ಕಣ್ಣಿಗೆ ಕಾಣದಷ್ಟು ತೆಳುವಾದ ಲೇಪನವನ್ನು ಕೊಡಬಹುದು. ಕೋಣೆಯಿಂದ ಹೊರಸೂಸುವ ಶಾಖವಿಕಿರಣವನ್ನು ಇದು ತಡೆಹಿಡಿಯುತ್ತದೆ. ಲೇಪನದ ಮುಖವು ನಡುವಣ ಅಂತರದ ಕಡೆಗಿರಬೇಕು.

ಸ್ಕಾಟ್ಲೆಂಡಿನ ಪಾರಂಪರಿಕ ಕಟ್ಟಡಗಳ ಸಂಸ್ಥೆಯಾಗಿದ್ದ ಹಿಸ್ಟಾರಿಕ್ ಸ್ಕಾಟ್ಲೆಂಡ್‌ಗಾಗಿ ಗ್ಲಾಸ್ಗೋ ಕ್ಯಾಲೆಡೋನಿಯನ್ ವಿಶ್ವವಿದ್ಯಾಲಯವು ನಡೆಸಿದ ಅಧ್ಯಯನವು 2008ರಲ್ಲಿ ಪ್ರಕಟವಾಯಿತು. ಅದರಲ್ಲಿ ಒಳಗಾಜು ಗಾಜಿನ ಮೂಲಕ ಆಗುವ ಶಾಖನಷ್ಟವನ್ನು ಶೇ. 63ರಷ್ಟು ತಗ್ಗಿಸಿತು. ಹಳೆಯ ಮಾದರಿಯ ಮಡಚುವ ಮರದ ಷಟರ್‌ಗಳನ್ನು ಮುಚ್ಚಿದಾಗ ಶೇ. 51ರಷ್ಟು ಇಳಿಕೆ ಕಂಡುಬಂದಿತು. ರಾತ್ರಿ ಷಟರ್ ಮುಚ್ಚುವ ಹಿಂದಿನವರ ರೂಢಿ ಎಷ್ಟು ಪ್ರಯೋಜನಕರವಾಗಿತ್ತೆಂಬುದನ್ನು ಈ ಅಂಕಿ ತೋರಿಸುತ್ತದೆ.

ಹನಿಗಟ್ಟುವಿಕೆ ಮತ್ತು ಗಾಳಿಯಾಟ

ಒಳಗಾಜಿನ ಅಳವಡಿಕೆಯಲ್ಲಿ ಹೆಚ್ಚಾಗಿ ತಪ್ಪುವುದು ತೇವಾಂಶದ ವಿಚಾರದಲ್ಲಿ. ಅಡುಗೆ, ಸ್ನಾನ, ಉಸಿರಾಟ ಇವುಗಳಿಂದ ಮನೆಯೊಳಗಿನ ಗಾಳಿಗೆ ನೀರಾವಿ ಸೇರುತ್ತದೆ. 20 ಡಿಗ್ರಿಯಲ್ಲಿ ಶೇ. 50ರಷ್ಟು ಸಾಪೇಕ್ಷ ಆರ್ದ್ರತೆಯಿರುವ ಗಾಳಿಯು ಸುಮಾರು 9 ಡಿಗ್ರಿಗಿಂತ ತಣ್ಣನೆಯ ಮೈಯನ್ನು ಮುಟ್ಟಿದರೆ ಅದರಲ್ಲಿನ ಆವಿ ಹನಿಗಟ್ಟುತ್ತದೆ. ಹೊರಗೆ 0 ಡಿಗ್ರಿ ಇದ್ದಾಗ ಒಂಟಿ ಗಾಜಿನ ಒಳಮೈ ಲೆಕ್ಕದ ಪ್ರಕಾರ 7 ಡಿಗ್ರಿಯಷ್ಟಿರುವುದರಿಂದ ಅದರ ಮೇಲೆ ನೀರು ಕೂರುತ್ತದೆ. ಲೇಪನವುಳ್ಳ ಒಳಗಾಜಿನ ಮೈ ಸುಮಾರು 15 ಡಿಗ್ರಿಯಷ್ಟಿರುವುದರಿಂದ ಅದು ಒಣಗಿಯೇ ಇರುತ್ತದೆ.

ಆದರೆ ಒಳಗಾಜಿನ ಅಂಚುಗಳಲ್ಲಿ ಸಂದು ಉಳಿದರೆ ಕೋಣೆಯ ತೇವಭರಿತ ಗಾಳಿ ನಡುವಣ ಅಂತರವನ್ನು ಹೊಕ್ಕು, ಮೊದಲಿಗಿಂತಲೂ ತಣ್ಣಗಿರುವ ಹೊರಗಾಜಿನ ಮೇಲೆ ಹನಿಯಾಗುತ್ತದೆ. ಆ ನೀರು ಕೆಳಗಿನ ಮರದ ಮೇಲೆ ನಿಂತು ಪುಟ್ಟಿ ಸಡಿಲಗೊಳ್ಳುತ್ತದೆ, ಬಣ್ಣ ಸಿಪ್ಪೆಯೇಳುತ್ತದೆ, ಕ್ರಮೇಣ ಮರ ಕೊಳೆಯುತ್ತದೆ. ಉಳಿಸಲು ಹೊರಟ ಕಿಟಕಿಯೇ ಹೀಗೆ ಹಾಳಾಗಬಹುದು.

ಇದನ್ನು ತಪ್ಪಿಸುವ ನಿಯಮ ಸರಳವಾದುದು: ಒಳಗಿನದು ಬಿಗಿಯಾಗಿರಬೇಕು, ಹೊರಗಿನದು ತುಸು ಉಸಿರಾಡುತ್ತಿರಬೇಕು. ಒಳಗಾಜಿನ ಸುತ್ತ ಗಾಳಿತಡೆಯುವ ಪಟ್ಟಿಗಳನ್ನು ಚೆನ್ನಾಗಿ ಕೂರಿಸಬೇಕು. ಹಳೆಯ ಪಡಿಗಳ ಸುತ್ತಲಿನ ಸಂದುಗಳನ್ನು ಮಾತ್ರ ಸಂಪೂರ್ಣವಾಗಿ ಮುಚ್ಚಬಾರದು. ಅಲ್ಲಿಂದ ಬರುವ ಒಣ, ತಣ್ಣನೆಯ ಹೊರಗಾಳಿಯೇ ನಡುವಣ ತೇವವನ್ನು ಹೊರದೂಡುತ್ತದೆ. ಒಳಗಾಜು ಹಾಕದ ಕಿಟಕಿಗಳಿಗೆ ಈ ಮಾತು ಅನ್ವಯಿಸದು. ಅಂಥ ಕಿಟಕಿಗಳಲ್ಲಿ ಹಳೆಯ ಪಡಿಗಳಿಗೇ ಗಾಳಿತಡೆ ಪಟ್ಟಿ ಕೂರಿಸುವುದು ಉಪಯುಕ್ತ. ಸುಸ್ಥಿತಿಯಲ್ಲಿರುವ ಸ್ಯಾಶ್ ಕಿಟಕಿಯ ಗಾಳಿಸೋರಿಕೆಯನ್ನು ಹೀಗೆ ಶೇ. 86ರವರೆಗೆ ಇಳಿಸಬಹುದೆಂದು ಇಂಗ್ಲೆಂಡಿನ ಪರಂಪರೆ ಸಂರಕ್ಷಣಾ ಸಂಸ್ಥೆಯಾದ ಹಿಸ್ಟಾರಿಕ್ ಇಂಗ್ಲೆಂಡ್ ತಿಳಿಸುತ್ತದೆ.

ಮನೆಯ ಒಟ್ಟು ಗಾಳಿಯಾಟವನ್ನೂ ಮರೆಯುವಂತಿಲ್ಲ. ಅಡುಗೆಮನೆ, ಸ್ನಾನದ ಮನೆಗಳ ಆವಿ ಹೊರಹೋಗಲು ದಾರಿ ಇರಬೇಕು. ಸೌದೆ, ಕಲ್ಲಿದ್ದಲು ಅಥವಾ ಅನಿಲದ ಒಲೆಗಳಿರುವ ಕೋಣೆಗಳಲ್ಲಿ ದಹನಕ್ಕೆ ಬೇಕಾದ ಗಾಳಿಯ ಪೂರೈಕೆ ತಪ್ಪಿದರೆ ವಿಷಕಾರಿ ಕಾರ್ಬನ್ ಮಾನಾಕ್ಸೈಡ್ ಸಂಗ್ರಹವಾಗುವ ಅಪಾಯವಿದೆ.

ಶಬ್ದ ನಿಯಂತ್ರಣ

ರಸ್ತೆಯ ಸದ್ದನ್ನು ತಗ್ಗಿಸಲು ಶಾಖದ ಲೆಕ್ಕಕ್ಕಿಂತ ಬೇರೆಯೇ ಲೆಕ್ಕ ಬೇಕಾಗುತ್ತದೆ. ಇಲ್ಲಿ ಅಂತರ ಹೆಚ್ಚಿದಷ್ಟೂ ಒಳ್ಳೆಯದು. ಕನಿಷ್ಠ 100 ಮಿ.ಮೀ., ಸಾಧ್ಯವಾದರೆ 150ರಿಂದ 200 ಮಿ.ಮೀ. ಇರಬೇಕು. ಎರಡೂ ಗಾಜುಗಳು ಒಂದೇ ದಪ್ಪವಿದ್ದರೆ ಒಂದೇ ಸ್ವರಕ್ಕೆ ಎರಡೂ ಕಂಪಿಸುತ್ತವೆ. ಆದುದರಿಂದ ಒಳಗಾಜಿಗೆ ದಪ್ಪನೆಯ ಅಥವಾ ಪದರಗಳನ್ನು ಅಂಟಿಸಿದ ಲ್ಯಾಮಿನೇಟೆಡ್ ಗಾಜನ್ನು ಆರಿಸುತ್ತಾರೆ. ನಡುವಣ ಪಕ್ಕಗೋಡೆಗಳಿಗೆ ಶಬ್ದ ಹೀರುವ ಹೊದಿಕೆ ಹಾಕುವುದೂ ಉಂಟು.

ವಿಧಗಳು

- ಲಂಬವಾಗಿ ಜಾರುವುದು: ಸ್ಯಾಶ್ ಕಿಟಕಿಗೆ ಅತ್ಯಂತ ಹೊಂದುವ ವಿಧ. ಒಳಗಾಜಿನ ನಡುಪಟ್ಟಿಯನ್ನು ಹಳೆಯ ಪಡಿಗಳು ಕೂಡುವ ಪಟ್ಟಿಯ ನೇರಕ್ಕೆ ಇರಿಸಿದರೆ ಹೊರಗಿನಿಂದ ಅದು ಕಾಣುವುದಿಲ್ಲ.
- ಅಡ್ಡಲಾಗಿ ಜಾರುವುದು: ಅಗಲವಾದ ಕಿಟಕಿಗಳಿಗೆ ಅನುಕೂಲ. ಒಮ್ಮೆಗೆ ಅರ್ಧ ಭಾಗ ಮಾತ್ರ ತೆರೆಯುತ್ತದೆ.
- ಕೀಲಿನ ಮೇಲೆ ತಿರುಗುವುದು: ಬಾಗಿಲಿನಂತೆ ಕೋಣೆಯೊಳಕ್ಕೆ ತೆರೆದುಕೊಳ್ಳುತ್ತದೆ. ಪೂರ್ತಿ ತೆರೆಯುವುದರಿಂದ ಶುಚಿಗೊಳಿಸುವುದು ಸುಲಭ.
- ಎತ್ತಿ ತೆಗೆಯುವುದು: ವಿರಳವಾಗಿ ತೆರೆಯುವ ಕಿಟಕಿಗಳಿಗೆ ಸೂಕ್ತ. ಬೇಸಿಗೆಯಲ್ಲಿ ತೆಗೆದಿಡಬಹುದು.
- ಅಯಸ್ಕಾಂತದ ಪಟ್ಟಿಯಿಂದ ಹಿಡಿಸುವುದು: ಗಾಜಿನ ಬದಲು ಹಗುರವಾದ ಅಕ್ರಿಲಿಕ್ ಅಥವಾ ಪಾಲಿಕಾರ್ಬೊನೇಟ್ ಹಾಳೆಯನ್ನು ಬಳಸುತ್ತಾರೆ. ವೆಚ್ಚ ಕಡಿಮೆ, ಆದರೆ ಬೇಗ ಗೀರು ಬೀಳುತ್ತದೆ.
- ಬಿಸಿಗಾಳಿಯಿಂದ ಬಿಗಿಯುವ ತೆಳುಹಾಳೆ: ಒಂದು ಚಳಿಗಾಲದ ಮಟ್ಟಿಗೆ ಬಾಡಿಗೆ ಮನೆಗಳಲ್ಲಿಯೂ ಬಳಸಬಹುದಾದ ಅಗ್ಗದ ಉಪಾಯ.

ಅಳವಡಿಕೆಯ ಕ್ರಮ

ಮೊದಲು ಹಳೆಯ ಕಿಟಕಿಯನ್ನು ದುರಸ್ತಿಗೊಳಿಸಬೇಕು. ಕೊಳೆತ ಮರ, ಸವೆದ ಹಗ್ಗ, ಉದುರಿದ ಪುಟ್ಟಿ ಇವೆಲ್ಲವನ್ನೂ ಸರಿಪಡಿಸಿ ಬಣ್ಣ ಬಳಿದ ಬಳಿಕವೇ ಒಳಗಾಜಿನ ಕೆಲಸ. ಹಳೆಯ ಬಣ್ಣದಲ್ಲಿ ಸೀಸವಿರುವ ಸಾಧ್ಯತೆ ಇರುವುದರಿಂದ ಅದನ್ನು ಒಣದಾಗಿ ಉಜ್ಜಿ ಧೂಳೆಬ್ಬಿಸಬಾರದು.

ಹಳೆಯ ಕಿಟಕಿಗಳು ಕಾಲಕ್ರಮದಲ್ಲಿ ವಾಲಿರುತ್ತವೆ. ಆದುದರಿಂದ ಅಗಲವನ್ನೂ ಎತ್ತರವನ್ನೂ ಮೂರು ಮೂರು ಕಡೆ ಅಳೆದು, ಮೂಲೆಯಿಂದ ಮೂಲೆಗೂ ಅಳತೆ ತೆಗೆದುಕೊಳ್ಳಬೇಕು. ಗಾಜಿನ ತೂಕವನ್ನೂ ಲೆಕ್ಕ ಹಾಕಬೇಕು: 4 ಮಿ.ಮೀ. ದಪ್ಪದ ಗಾಜು ಚದರ ಮೀಟರಿಗೆ 10 ಕಿಲೋ, 6 ಮಿ.ಮೀ. ದಪ್ಪದ್ದು 15 ಕಿಲೋ ತೂಗುತ್ತದೆ. ಗೋಡೆಗೆ ಹೊಂದಿಕೊಂಡ ಮರದ ಉಪಚೌಕಟ್ಟನ್ನು ಮೊದಲು ಕೂರಿಸಿ ಅದರ ಮೇಲೆ ಒಳಗಾಜಿನ ಚೌಕಟ್ಟನ್ನು ನಿಲ್ಲಿಸುವುದು ವಾಡಿಕೆ. ಅಂಟಿಗಿಂತ ತಿರುಪುಮೊಳೆ ಲೇಸು. ಮುಂದೆ ಕಳಚುವಾಗ ಹಳೆಯ ಮರಕ್ಕೆ ಹಾನಿಯಾಗದು. ಮಡಚುವ ಷಟರ್‌ಗಳಿರುವ ಕಿಟಕಿಗಳಲ್ಲಿ ಒಳಗಾಜನ್ನು ಆದಷ್ಟು ಪಡಿಗಳಿಗೆ ಸಮೀಪವಾಗಿ ಇಟ್ಟು, ಷಟರ್‌ಗಳ ಚಲನೆಗೆ ಎಡೆ ಬಿಡಬೇಕು.

ಕಾನೂನು ಮತ್ತು ಸುರಕ್ಷತೆ

ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಸಂರಕ್ಷಿತ ಕಟ್ಟಡಗಳ ರಕ್ಷಣೆಗಾಗಿ 1990ರಲ್ಲಿಯೂ ಸ್ಕಾಟ್ಲೆಂಡಿನಲ್ಲಿ 1997ರಲ್ಲಿಯೂ ಯೋಜನಾ ಕಾಯಿದೆಗಳು ರಚನೆಯಾದವು. ಪಟ್ಟಿಗೆ ಸೇರಿದ ಕಟ್ಟಡದ ವಿಶಿಷ್ಟ ಸ್ವರೂಪಕ್ಕೆ ಧಕ್ಕೆ ತರುವ ಯಾವುದೇ ಬದಲಾವಣೆಗೆ ಪೂರ್ವಾನುಮತಿ ಬೇಕು. ಅನುಮತಿಯಿಲ್ಲದೆ ಅಂಥ ಬದಲಾವಣೆ ಮಾಡುವುದು ಶಿಕ್ಷಾರ್ಹ ಅಪರಾಧ. ಹಳೆಯ ಪಡಿಗಳನ್ನು ತೆಗೆದು ಡಬಲ್ ಗ್ಲೇಜಿಂಗ್ ಹಾಕುವುದಕ್ಕಿಂತ ಒಳಗಾಜಿಗೆ ಒಪ್ಪಿಗೆ ದೊರೆಯುವುದು ಸುಲಭ. ಹಾಗಿದ್ದರೂ ಕೆಲಸ ಆರಂಭಿಸುವ ಮುನ್ನ ಸ್ಥಳೀಯ ಆಡಳಿತದ ಸಂರಕ್ಷಣಾ ಅಧಿಕಾರಿಯನ್ನು ವಿಚಾರಿಸುವುದು ಅಗತ್ಯ.

ಬೆಂಕಿ ಹತ್ತಿದಾಗ ಕಿಟಕಿಯಿಂದ ಪಾರಾಗಬೇಕಾದ ಕೋಣೆಗಳಲ್ಲಿ ಒಳಗಾಜೂ ಬೀಗದಕೈ ಹುಡುಕಬೇಕಾಗದಂತೆ ಥಟ್ಟನೆ ತೆರೆಯುವಂತಿರಬೇಕು. ನೆಲಕ್ಕೆ ಸಮೀಪವಿರುವ ಗಾಜು ಒಡೆದರೂ ಗಾಯವಾಗದ ಸುರಕ್ಷಾ ಗಾಜಾಗಿರಬೇಕು.

ಡಬಲ್ ಗ್ಲೇಜಿಂಗ್‌ನೊಂದಿಗೆ ಹೋಲಿಕೆ

ಹಳೆಯ ಪಡಿಗಳ ಗಾಜು ಹಿಡಿಯುವ ಮರದ ಪಟ್ಟಿಗಳು ಬಹಳ ಸಪೂರವಾದವು. ಡಬಲ್ ಗ್ಲೇಜಿಂಗ್ ಘಟಕದ ದಪ್ಪವನ್ನೂ ಭಾರವನ್ನೂ ಅವು ತಾಳಲಾರವು. ಹೀಗಾಗಿ ಪಟ್ಟಿಗಳನ್ನು ದಪ್ಪಗೊಳಿಸಿ, ಪೆಟ್ಟಿಗೆಯೊಳಗಿನ ತೂಕಗಳನ್ನೂ ಹೆಚ್ಚಿಸಬೇಕಾಗುತ್ತದೆ. ಹಳೆಯ ಗಾಜು ಕಳೆದುಹೋಗುತ್ತದೆ. ಘಟಕದ ಅಂಚಿನ ಮುದ್ರೆ ವರ್ಷಗಳು ಕಳೆದಂತೆ ಸಡಿಲಗೊಂಡು ಒಳಗೆ ಮಂಜು ಕಟ್ಟಿದರೆ ಇಡೀ ಘಟಕವನ್ನೇ ಬದಲಿಸಬೇಕು. ಒಳಗಾಜಿನಲ್ಲಿ ಒಡೆದ ಗಾಜೊಂದನ್ನೇ ಬದಲಿಸಿದರೆ ಸಾಕು.

ಒಳಗಾಜಿಗೂ ಮಿತಿಗಳಿವೆ. ಕಿಟಕಿ ತೆರೆಯಲು ಎರಡು ಬಾರಿ ಕೈಯಾಡಿಸಬೇಕು. ನಾಲ್ಕು ಮುಖಗಳನ್ನು ಒರೆಸಬೇಕು. ಕಿಟಕಿಕಟ್ಟೆಯ ಜಾಗ ಕಡಿಮೆಯಾಗುತ್ತದೆ. ಇಳಿಹೊತ್ತಿನಲ್ಲಿ ಎರಡು ಪ್ರತಿಬಿಂಬಗಳು ಕಾಣಬಹುದು. ಈ ಅನನುಕೂಲಗಳಿದ್ದರೂ, ಮೂಲ ಮರ ಮತ್ತು ಗಾಜನ್ನು ಮುಂದಿನ ತಲೆಮಾರಿಗೆ ಉಳಿಸಿ, ಈಗಿನ ನಿವಾಸಿಗಳನ್ನು ಬೆಚ್ಚಗಿಡುವ ವಿಧಾನವಾಗಿ ಇದು ಬಳಕೆಯಲ್ಲಿದೆ.