ದನದ ಬಯಲಾಗಿದ್ದ ರೋಮ್

ರೋಮ್ ಅಂದ್ರೆ ಟಿಕೆಟ್ ತಗೊಂಡು ನೋಡೋ ಕಲ್ಲಿನ ಕಂಬಗಳು, ಸೆಲ್ಫಿ ತೆಗೆಯೋ ಪ್ರವಾಸಿಗರು, ಅಲ್ವಾ? ಈಗ ಫೋನಲ್ಲಿ ಕ್ಲೋಡ್ ಲೊರೇನ್ ಹೆಸರಿನ ಜೊತೆ ‘ಕಾಂಪೊ ವಚ್ಚೀನೊ’ ಅಂತ ಹುಡುಕಿ. ಬಣ್ಣದ ಪೇಂಟಿಂಗ್ ಬೇಡ, 1636ರ ಕಪ್ಪು-ಬಿಳುಪಿನ ಎಚ್ಚಿಂಗ್ ತೆರೀರಿ.

ಹೆಸರಿನ ಅರ್ಥ ‘ದನದ ಬಯಲು’. ಜಾಗ ಯಾವುದು ಗೊತ್ತಾ? ರೋಮನ್ ಫೋರಂ! ಸಾಮ್ರಾಜ್ಯ ಆಳಿದವರು ಸಭೆ ಸೇರುತ್ತಿದ್ದ ಕಡೆ ಆಗ ದನದ ಸಂತೆ ನಡೀತಿತ್ತು. ಶತಮಾನಗಳ ಮಣ್ಣು ಸೇರಿ, ಸೆಪ್ಟಿಮಿಯಸ್ ಸೆವೆರಸ್ ಚಕ್ರವರ್ತಿಯ ವಿಜಯದ ಕಮಾನು ಅರ್ಧ ಹೂತುಹೋಗಿತ್ತು. ದೂರದಲ್ಲಿ ಕೊಲೋಸಿಯಂ.

ಎಚ್ಚಿಂಗ್‌ನಲ್ಲಿ ಈ ‘ದೂರ’ ಮೂಡಿಸೋ ರೀತಿಯೇ ಸ್ವಾರಸ್ಯ. ತಾಮ್ರದ ತಗಡಿಗೆ ಮೇಣದಂಥ ಲೇಪ ಹಚ್ಚಿ, ಸೂಜಿಯಿಂದ ಚಿತ್ರ ಗೀಚುತ್ತಾರೆ. ಆಮೇಲೆ ಆಸಿಡ್ ಹಾಕಿದರೆ, ಗೀಚಿದ ಕಡೆ ಮಾತ್ರ ಅದು ತಾಮ್ರವನ್ನು ತಿನ್ನುತ್ತೆ. ದೂರದ ಗೆರೆಗಳನ್ನು ಬೇಗ ಮುಚ್ಚಿಬಿಟ್ಟರೆ ತೆಳುವಾಗಿ ಉಳಿಯುತ್ತವೆ. ಹತ್ತಿರದವನ್ನು ಹೆಚ್ಚು ಹೊತ್ತು ಬಿಟ್ಟರೆ ಆಳವಾಗಿ, ಜಾಸ್ತಿ ಇಂಕು ಹಿಡಿದು, ಕಪ್ಪಗೆ ಮೂಡುತ್ತವೆ. ಅಂದ್ರೆ, ಹತ್ತಿರ-ದೂರ ತೀರ್ಮಾನ ಮಾಡೋದು ಆಸಿಡ್‌ನಲ್ಲಿ ಕಳೆದ ಸಮಯ.

ನನಗೆ ಈ ಚಿತ್ರ ಮುಖ್ಯ ಅನ್ನಿಸೋಕೆ ಕಾರಣ ಬೇರೆ. 19ನೇ ಶತಮಾನದಲ್ಲಿ ಆ ಮಣ್ಣನ್ನು ಅಗೆದು ತೆಗೆದರು. ಹಳೇ ರೋಮ್ ಮೇಲೆ ಬಂತು, ದನದ ಬಯಲು ಹೋಯ್ತು. ಒಂದು ಇತಿಹಾಸ ಬೇಕು ಅಂತ ಅಗೆದಾಗ, ಅದರ ಮೇಲಿದ್ದ ಇನ್ನೊಂದು ಅಳಿಸಿಹೋಗುತ್ತೆ. ಆ ಸಂತೆಯ ರೋಮ್ ನೋಡಬೇಕಂದ್ರೆ ಈಗ ಇಂಥ ಚಿತ್ರಗಳೇ ಗತಿ.

ಸ್ವಲ್ಪ ಝೂಮ್ ಮಾಡಿ. ಮೊದಲು ಬಯಲಲ್ಲಿರೋ ಜನರನ್ನು ನೋಡಿ. ಕಂಬಗಳು ಹೇಗೂ ಇವತ್ತಿಗೂ ಅಲ್ಲೇ ಇವೆ.