ಎರೆಹೊಲದ ಹತ್ತಿಗೆ ಯುರೋಪಿನ ಹೊಸ ಕಾನೂನು

ಮಾರಾಟವಾಗದೆ ಗೋದಾಮಿನಲ್ಲಿ ಉಳಿದ ಹೊಚ್ಚಹೊಸ ಬಟ್ಟೆಯನ್ನು ಸುಟ್ಟುಹಾಕುವ ಪದ್ಧತಿ ಯುರೋಪಿನ ಉಡುಪು ವ್ಯಾಪಾರದಲ್ಲಿ ಬಹಳ ಕಾಲದಿಂದ ಇತ್ತು. ಐರೋಪ್ಯ ಒಕ್ಕೂಟ 2024ರಲ್ಲಿ ಜಾರಿಗೆ ತಂದ ಕಾನೂನು ಅದನ್ನು ನಿಷೇಧಿಸಿದೆ. ದೊಡ್ಡ ಕಂಪನಿಗಳಿಗೆ ನಿಷೇಧ ಅನ್ವಯವಾಗಲು ಗೊತ್ತುಮಾಡಿದ ದಿನ 2026ರ ಜುಲೈ 19. ಅದೇ ಕಾನೂನಿನಡಿ ಮುಂದೆ ಬಟ್ಟೆಗಳಿಗೆ ಡಿಜಿಟಲ್ ಪಾಸ್‌ಪೋರ್ಟ್ ಬರಲಿದೆ. ಯಾವ ನಾರಿನದು, ಎಷ್ಟು ಬಾಳಿಕೆ ಬರುತ್ತದೆ, ಹಳತಾದ ಮೇಲೆ ಏನು ಮಾಡಬೇಕು ಎಂಬಂಥ ವಿವರ ಅದರಲ್ಲಿರುವ ನಿರೀಕ್ಷೆಯಿದೆ. ಹಳೆ ಬಟ್ಟೆಯನ್ನು ಉಳಿದ ಕಸದಿಂದ ಬೇರೆಯಾಗಿ ಸಂಗ್ರಹಿಸುವುದು 2025ರ ಜನವರಿ 1ರಿಂದಲೇ ಅಲ್ಲಿನ ದೇಶಗಳಿಗೆ ಕಡ್ಡಾಯವಾಗಿದೆ. ಇಷ್ಟು ಬಿಗಿ ಬೇಕಾದದ್ದಕ್ಕೆ ಕಾರಣವಿದೆ. 2022ರಲ್ಲಿ ಒಕ್ಕೂಟದ ಒಬ್ಬ ಪ್ರಜೆ ಸರಾಸರಿ 19 ಕಿಲೊ ಉಡುಪು, ಪಾದರಕ್ಷೆ, ಮನೆಬಳಕೆಯ ಬಟ್ಟೆ ಕೊಂಡಿದ್ದಾನೆ. ಜಗತ್ತಿನ ಹಳೆ ಬಟ್ಟೆಯಲ್ಲಿ ಮತ್ತೆ ಹೊಸ ಬಟ್ಟೆಯಾಗುವುದು ನೂರಕ್ಕೆ ಒಂದು ಪಾಲೂ ಇಲ್ಲ.

ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ರೈತರಿಗೆ ಇದು ದೂರದ ಸುದ್ದಿ ಅನ್ನಿಸಬಹುದು. ಆದರೆ ಈ ಸೀಮೆಯ ಎರೆಹೊಲದಲ್ಲಿ ಯಾವ ಹತ್ತಿ ಬೆಳೆದರೆ ಬೆಲೆ ಸಿಗುತ್ತದೆ ಎಂಬುದನ್ನು ಯುರೋಪು ಹಿಂದೊಮ್ಮೆ ನಿರ್ಧರಿಸಿತ್ತು. ಈಗ ಮತ್ತೆ ನಿರ್ಧರಿಸುವ ಹೊತ್ತು ಬಂದಿದೆ. ಈ ಸಲ ಆ ನಿಯಮ ನಮ್ಮ ದೇಸಿ ಹತ್ತಿಗೆ ಅನುಕೂಲವಾಗಿ ತಿರುಗಬಲ್ಲದು, ನಾವು ಸಜ್ಜಾಗಿದ್ದರೆ.

ಗಿರಣಿ ಕೇಳಿದ ಎಳೆ

ಹತ್ತೊಂಬತ್ತನೆಯ ಶತಮಾನದಲ್ಲಿ ವಿಜಯಪುರ, ಧಾರವಾಡ ಸೀಮೆಯಲ್ಲಿ ಬೆಳೆಯುತ್ತಿದ್ದ ದೇಸಿ ಹತ್ತಿ ಘಟ್ಟ ಇಳಿದು ಕುಮಟಾ ಬಂದರಿನಿಂದ ಹಡಗೇರುತ್ತಿತ್ತು. ವಿಲಾಯತಿ ಪೇಟೆಯಲ್ಲಿ ಅದಕ್ಕೆ ‘ಕುಂಪ್ಟಾ’ ಎಂದೇ ಹೆಸರು. ಗಟ್ಟಿ ನಾರು, ಆದರೆ ಎಳೆ ಗಿಡ್ಡ. ಲ್ಯಾಂಕಶೈರ್‌ನ ಗಿರಣಿಗಳಿಗೆ ಅಮೆರಿಕದ ಉದ್ದ ಎಳೆಯೇ ಬೇಕಾಗಿತ್ತು. ಹಾಗಾಗಿ ಈಸ್ಟ್ ಇಂಡಿಯಾ ಕಂಪನಿ 1840ರಲ್ಲಿ ಅಮೆರಿಕದಿಂದ ಹತ್ತಿ ಬೆಳೆಗಾರರನ್ನೇ ಕರೆಸಿತು. ಧಾರವಾಡದ ಸುತ್ತ ನ್ಯೂ ಆರ್ಲಿಯನ್ಸ್ ಬೀಜ ಬೇರೂರಿತು, ‘ಧಾರವಾಡ-ಅಮೆರಿಕನ್’ ಎಂಬ ಹತ್ತಿ ಹುಟ್ಟಿತು. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದಾಗ ನಮ್ಮ ಹತ್ತಿಗೆ ಬಂಗಾರದ ಬೆಲೆ ಬಂತು, ಯುದ್ಧ ಮುಗಿದೊಡನೆ ಬೆಲೆ ಕುಸಿಯಿತು.

1947ರಲ್ಲಿ ಭಾರತದ ಹತ್ತಿ ಹೊಲಗಳಲ್ಲಿ ನೂರಕ್ಕೆ 97 ಪಾಲು ದೇಸಿ ಹತ್ತಿಯೇ ಇತ್ತು. ಇಂದು ಅದು ಅಲ್ಲೊಂದು ಇಲ್ಲೊಂದು ಕಡೆ ಉಳಿದ ಬೆಳೆ. ಬೆಂಬಲ ಬೆಲೆಯೂ ಎಳೆಯ ಉದ್ದಕ್ಕೆ ತಕ್ಕಂತೆ ಏರುತ್ತದೆ. 2025-26ರಲ್ಲಿ ಮಧ್ಯಮ ಎಳೆಗೆ ಕ್ವಿಂಟಲ್‌ಗೆ 7,710 ರೂಪಾಯಿ, ಉದ್ದ ಎಳೆಗೆ 8,110 ರೂಪಾಯಿ. ಲ್ಯಾಂಕಶೈರ್‌ನ ಅಳತೆಗೋಲು ಇನ್ನೂ ನಮ್ಮ ಎಪಿಎಂಸಿಯಲ್ಲಿದೆ.

ಎಳೆ ಎಂದರೇನು?

ಅರಳಿದ ಹತ್ತಿಯಿಂದ ಒಂದು ಎಳೆ ಬಿಡಿಸಿ ಬೆಳಕಿಗೆ ಹಿಡಿಯಿರಿ. ಅದು ಒಂದೇ ಒಂದು ಜೀವಕೋಶ. ಹೂ ಅರಳಿದ ದಿನ ಬೀಜದ ಸಿಪ್ಪೆಯ ಮೇಲಿನ ಕೋಶಗಳು ಕೂದಲಿನಂತೆ ಚಾಚಲು ತೊಡಗುತ್ತವೆ. ಮೂರು ವಾರದ ಆಸುಪಾಸು ಉದ್ದಕ್ಕೆ ಬೆಳೆಯುತ್ತವೆ. ಬಳಿಕ ಒಳಗೋಡೆಗೆ ಸೆಲ್ಯುಲೋಸ್ ಪದರ ಪದರವಾಗಿ ಕೂರುತ್ತದೆ. ಕಾಯಿ ಒಡೆದು ಬಿಸಿಲು ತಾಗಿದಾಗ ಕೋಶದ ರಸ ಆರಿ, ಕೊಳವೆ ಚಪ್ಪಟೆಯಾಗಿ, ನುಲಿದುಕೊಳ್ಳುತ್ತದೆ. ಈ ನುಲಿಯೇ ಒಂದೆಳೆಯನ್ನು ಮತ್ತೊಂದಕ್ಕೆ ಸಿಕ್ಕಿಸಿ ನೂಲಾಗಿಸುತ್ತದೆ.

ಧಾರವಾಡದಲ್ಲಿ ರೂಪುಗೊಂಡ ದೇಸಿ ತಳಿ ಜಯಧರದ ಎಳೆ ಸುಮಾರು 22 ಮಿಲಿಮೀಟರ್. ಇಂದಿನ ಹೈಬ್ರಿಡ್‌ಗಳದ್ದು 28 ಮಿಲಿಮೀಟರ್ ಮೇಲೆಯೂ ಹೋಗುತ್ತದೆ. ನೂಲುವ ರಿಂಗ್ ಯಂತ್ರದಲ್ಲಿ ಜೋಡಿ ರೋಲರುಗಳು ಹತ್ತಿಯನ್ನು ಹಿಡಿದು ಎಳೆಯುತ್ತವೆ. ಒಂದು ಜೋಡಿಯ ಹಿಡಿತ ತಪ್ಪಿ ಮುಂದಿನ ಜೋಡಿ ಸಿಗುವ ಮೊದಲು ಗಿಡ್ಡ ಎಳೆ ನಡುವೆ ತೇಲುತ್ತದೆ. ಆಗ ನೂಲು ಒಂದೆಡೆ ದಪ್ಪ, ಒಂದೆಡೆ ತೆಳ್ಳಗಾಗಿ ಹರಿಯುತ್ತದೆ. ರಾಟಿಯ ಮುಂದೆ ಕೂತವರ ಬೆರಳು ಹಂಜಿಯ ಗುಣ ನೋಡಿ ಹಿಡಿತ ಬದಲಿಸಿಕೊಳ್ಳುತ್ತದೆ, ರೋಲರಿಗೆ ಅದು ಬಾರದು. ದೇಸಿ ಹತ್ತಿಗೆ ‘ಕಳಪೆ’ ಎಂಬ ಹಣೆಪಟ್ಟಿ ಬಂದದ್ದು ಆ ಯಂತ್ರದ ಮಿತಿಯಿಂದ.

ಎರೆಮಣ್ಣಿಗೆ ಹೊಂದಿದ ಬೆಳೆ

ವಿಜಯಪುರ ಜಿಲ್ಲೆಯ ಸರಾಸರಿ ಮಳೆ 600 ಮಿಲಿಮೀಟರ್ ಆಸುಪಾಸು, ಅದೂ ನಂಬುವಂಥದ್ದಲ್ಲ. ಬಸವನ ಬಾಗೇವಾಡಿ, ತಾಳಿಕೋಟೆ ಕಡೆ ಹಾಯುವ ಡೋಣಿ ನದಿಯ ಎರಡೂ ದಂಡೆಯಲ್ಲಿ ಆಳವಾದ ಎರೆಭೂಮಿ ಇದೆ. ಈ ಮಣ್ಣಿನ ಜೇಡಿಯ ಪದರಗಳ ನಡುವೆ ನೀರು ಹೊಕ್ಕು ಮಣ್ಣು ಉಬ್ಬುತ್ತದೆ, ಆರಿದಾಗ ಬಾಯಿ ಬಿಡುತ್ತದೆ. ಮಳೆಗಾಲದ ತೇವವನ್ನು ತಿಂಗಳುಗಟ್ಟಲೆ ಒಳಗೆ ಹಿಡಿದಿಡುವುದು ಇದೇ ಗುಣ. ಜಯಧರವನ್ನು ಆಗಸ್ಟ್–ಸೆಪ್ಟೆಂಬರಿನಲ್ಲಿ ಬಿತ್ತುತ್ತಾರೆ. ತಾಯಿಬೇರು ಇಳಿಯುವ ತೇವವನ್ನು ಬೆನ್ನುಹತ್ತಿ ಆಳಕ್ಕೆ ಹೋಗುತ್ತದೆ. ಜಿಗಿಹುಳು, ಸಸ್ಯಹೇನಿನಂಥ ರಸ ಹೀರುವ ಕೀಟಗಳನ್ನೂ ಈ ತಳಿ ಚೆನ್ನಾಗಿ ತಾಳಿಕೊಳ್ಳುತ್ತದೆ. ತಳಿ ಶುದ್ಧವಾಗಿರುವುದರಿಂದ ರೈತರು ಬೀಜ ಎತ್ತಿಡಬಹುದು. ಹೈಬ್ರಿಡ್‌ನಲ್ಲಿ ಮುಂದಿನ ಪೀಳಿಗೆ ಚೆದುರಿಹೋಗುವ ಕಾರಣ ಪ್ರತಿ ವರ್ಷ ಪೊಟ್ಟಣ ಕೊಳ್ಳಲೇಬೇಕು.

2002ರಲ್ಲಿ ಬಂದ ಬಿಟಿ ಹತ್ತಿ ಮೊದಲ ವರ್ಷಗಳಲ್ಲಿ ಕಾಯಿಕೊರಕದ ಕಾಟ ಇಳಿಸಿ ಇಳುವರಿ ಏರಿಸಿದ್ದು ನಿಜ. ಆಲಮಟ್ಟಿ, ನಾರಾಯಣಪುರ ಜಲಾಶಯಗಳ ನೀರು ಬಂದಲ್ಲಿ ರೈತರು ಅದನ್ನು ಆರಿಸಿದ್ದು ಸಹಜವೇ. ಆದರೆ ಗುಲಾಬಿ ಕಾಯಿಕೊರಕ ಬಿಟಿ ವಿಷವನ್ನು ಅರಗಿಸಿಕೊಳ್ಳುವುದು ಗುಜರಾತಿನಲ್ಲಿ 2010ರ ಹೊತ್ತಿಗೇ ಖಚಿತವಾಯಿತು. ಆಮೇಲೆ ಔಷಧಿ ಸಿಂಪಡಣೆಯ ಖರ್ಚು ಮತ್ತೆ ರೈತರ ತಲೆಗೆ ಬಂತು. ದೇಸಿ ಹತ್ತಿಗೂ ಕುಂದುಗಳಿವೆ. ಇಳುವರಿ ಕಡಿಮೆ, ಕಾಯಿ ಸಣ್ಣದು, ಹತ್ತಿ ಬಿಡಿಸುವುದು ಪ್ರಯಾಸ. ಕಾಯಿಕೊರಕದಿಂದ ಅದೂ ಪೂರ್ತಿ ಪಾರಾಗಿಲ್ಲ. ಹಾಗಾಗಿ ನೀರಾವರಿ ಹೊಲಕ್ಕೆ ಅದನ್ನು ಒತ್ತಾಯಿಸುವುದು ಸರಿಯಲ್ಲ. ಮಳೆಯನ್ನೇ ನಂಬಿದ ಹೊಲದಲ್ಲಿ, ಕಡಿಮೆ ಖರ್ಚಿನಲ್ಲಿ, ಅದರ ಲೆಕ್ಕ ಬೇರೆಯಾಗುತ್ತದೆ.

ಹಳೆ ಬಟ್ಟೆಯೂ ಗಿಡ್ಡ ಎಳೆಯೇ

ಹಳೆ ಬಟ್ಟೆಯನ್ನು ಯಂತ್ರದಲ್ಲಿ ಹರಿದು ನಾರು ತೆಗೆದಾಗ ಎಳೆ ತುಂಡಾಗುತ್ತದೆ. ಹೀಗೆ ತೆಗೆದ ನಾರೆಲ್ಲ ಗಿಡ್ಡ ನಾರೇ. ಅದನ್ನು ನೂಲಲು ರಿಂಗ್ ಯಂತ್ರಕ್ಕಿಂತ ರೋಟರ್ ಯಂತ್ರ ಒಗ್ಗುತ್ತದೆ. ಇದರಲ್ಲಿ ಎಳೆಗಳು ಬಿಡಿಬಿಡಿಯಾಗಿ ಗಾಳಿಯಲ್ಲಿ ಹಾರಿ, ರಭಸವಾಗಿ ತಿರುಗುವ ಬಟ್ಟಲಿನ ಒಳಗೋಡೆಗೆ ಅಪ್ಪಳಿಸಿ, ಅಲ್ಲಿನ ತೋಡಿನಲ್ಲಿ ಸಾಲಾಗಿ ಕೂರುತ್ತವೆ. ಅಲ್ಲಿಂದ ಹುರಿಗೊಂಡು ನೂಲಾಗಿ ಹೊರಬರುತ್ತವೆ. ಹರಿಯಾಣದ ಪಾಣಿಪತ್‌ನಲ್ಲಿ ಪರದೇಶಗಳಿಂದ ಬಂದ ಹಳೆ ಬಟ್ಟೆ ಇಂಥ ಯಂತ್ರಗಳಲ್ಲಿ ಹೊಸ ನೂಲಾಗುತ್ತಿದೆ.

ಇಲ್ಲೇ ನಮ್ಮ ಅವಕಾಶವಿದೆ. ಯುರೋಪು ಹಳೆ ಬಟ್ಟೆಯನ್ನು ಮರಳಿ ನೂಲಬೇಕೆಂದರೆ ಗಿಡ್ಡ ಎಳೆ ನೂಲುವ ಯಂತ್ರ, ಗಿಡ್ಡ ಎಳೆಗೆ ಹೊಂದುವ ಬಟ್ಟೆ ಎರಡೂ ಬೇಕು. ಜೀನ್ಸ್, ಟವೆಲ್, ಜಮಖಾನೆ, ಹೊದಿಕೆಗಳಿಗೆ ದಪ್ಪ ನೂಲು ಸಾಕು. 22 ಮಿಲಿಮೀಟರಿನ ದೇಸಿ ಹತ್ತಿ ಅದೇ ಯಂತ್ರದಲ್ಲಿ ಅದೇ ನೂಲಾಗಬಲ್ಲದು. ಹರಿದ ನಾರಿನ ಜೊತೆ ಬೆರೆತು ನೂಲಿಗೆ ಬಲವನ್ನೂ ಕೊಡಬಲ್ಲದು. ಬಣ್ಣದ ವಿಷಯದಲ್ಲೂ ಧಾರವಾಡ ಕೃಷಿ ವಿಶ್ವವಿದ್ಯಾಲಯದ ಕೆಲಸ ನೆನೆಯಬೇಕು. ಅಲ್ಲಿ ರೂಪಿಸಿದ ಕಂದು ಬಣ್ಣದ ದೇಸಿ ಹತ್ತಿಗೆ ಬಣ್ಣದ ತೊಟ್ಟಿಯ ಹಂಗೇ ಇಲ್ಲ. ನೆರೆಯ ಮಹಾರಾಷ್ಟ್ರದ ಪರಭಣಿಯ ವಿಜ್ಞಾನಿಗಳು ಜಯಧರದ್ದಲ್ಲದ ಇನ್ನೊಂದು ದೇಸಿ ಜಾತಿಯಲ್ಲೇ ಉದ್ದ ಎಳೆಯ ತಳಿಗಳನ್ನು ತಂದಿದ್ದಾರೆ. ದೇಸಿ ಎಂದರೆ ನಿಂತ ನೀರು ಎಂಬ ಮಾತು ಇದರಿಂದ ಸುಳ್ಳಾಗಿದೆ.

ಕೌದಿಯಲ್ಲಿರುವ ಜಾಣ್ಮೆ

ಹಳೆ ಬಟ್ಟೆಯನ್ನು ಹರಿದು ನಾರು ಮಾಡುವುದಕ್ಕಿಂತ ಬಟ್ಟೆಯಾಗಿಯೇ ಉಳಿಸಿಕೊಳ್ಳುವುದು ಮೇಲು. ಶಕ್ತಿ, ನೀರು, ರಾಸಾಯನಿಕ ಯಾವುದೂ ಖರ್ಚಾಗದು. ನಮ್ಮ ತಾಯಂದಿರು ಇದನ್ನು ಕೌದಿಯಲ್ಲಿ ಸಾಧಿಸಿದ್ದಾರೆ. ಸವೆದ ಇಳಕಲ್ ಸೀರೆ, ಧೋತರ, ಗುಳೇದಗುಡ್ಡ ಖಣದ ತುಂಡುಗಳನ್ನು ಒಂದರ ಮೇಲೊಂದು ಹಾಸಿ, ಅಂಚಿನಿಂದ ಒಳಕ್ಕೆ ಒತ್ತೊತ್ತಾಗಿ ಹೊಲಿಗೆ ಹಾಕುತ್ತಾರೆ. ಪ್ರತಿ ಹೊಲಿಗೆಯೂ ಎಳೆತವನ್ನು ಹಂಚಿಕೊಳ್ಳುವುದರಿಂದ ಜಾಳಾದ ಬಟ್ಟೆಯೂ ಹರಿಯುವುದಿಲ್ಲ. ಪದರಗಳ ನಡುವೆ ನಿಂತ ಗಾಳಿ ಬೆಚ್ಚಗಿಡುತ್ತದೆ. ನೂಲು, ಬಟ್ಟೆ ಎರಡೂ ಹತ್ತಿಯಾದರೆ ಕೌದಿ ಕೊನೆಗೆ ತಿಪ್ಪೆಯಲ್ಲಿ ಕೊಳೆತು ಗೊಬ್ಬರವಾಗುತ್ತದೆ. ಪಾಲಿಯೆಸ್ಟರ್ ಸೀರೆ ಹಾಗೆ ಕೊಳೆಯುವುದಿಲ್ಲ. ಒಗೆದಾಗಲೆಲ್ಲ ಅದರ ಸಣ್ಣ ಎಳೆಗಳು ಕಳಚಿ ಹಳ್ಳಕ್ಕೆ, ಹೊಳೆಗೆ ಸೇರುತ್ತವೆ. ಹತ್ತಿ, ಪಾಲಿಯೆಸ್ಟರ್ ಬೆರೆತ ಬಟ್ಟೆಯಲ್ಲಿ ಎರಡನ್ನೂ ಬೇರ್ಪಡಿಸುವುದು ಇಂದಿಗೂ ಮರುಬಳಕೆಯ ದೊಡ್ಡ ತೊಡಕು.

ಈಗ ಆಗಬೇಕಾದದ್ದು

ಯುರೋಪಿನ ಡಿಜಿಟಲ್ ಪಾಸ್‌ಪೋರ್ಟ್ ಬಂದರೆ ಬಟ್ಟೆಯ ಮೂಲದ ಪ್ರಶ್ನೆಯೂ ಏಳಬಹುದು. ಹತ್ತಿಯಿಂದ ಬೀಜ ಬೇರ್ಪಡಿಸುವ ನಮ್ಮ ಜಿನ್‌ಗಳಲ್ಲಿ ಹತ್ತು ಊರಿನ ಹತ್ತಿ ಬೆರೆತು ಒಂದೇ ಅಂಡಿಗೆಯಾಗುತ್ತದೆ, ಮೂಲ ಅಲ್ಲೇ ಅಳಿಸಿಹೋಗುತ್ತದೆ. ಸಿಂದಗಿಯಲ್ಲೋ ಮುದ್ದೇಬಿಹಾಳದಲ್ಲೋ ರೈತ ಉತ್ಪಾದಕ ಸಂಸ್ಥೆಗಳು ಸಣ್ಣ ಜಿನ್ ಹಾಕಿಕೊಂಡು ದೇಸಿ ಹತ್ತಿಯನ್ನು ಊರುವಾರು ಬೇರೆಯಿಟ್ಟರೆ ಆ ದಾಖಲೆಗೇ ಬೆಲೆ ಬರುತ್ತದೆ. ಧಾರವಾಡದ ವಿಶ್ವವಿದ್ಯಾಲಯ ಶುದ್ಧ ಬೀಜವನ್ನು ಸಾಕಷ್ಟು ಒದಗಿಸಬೇಕು. ಸರಕಾರ ಎಳೆಯ ಉದ್ದದ ಜೊತೆಗೆ ಮಳೆಯಾಶ್ರಯ, ಔಷಧಿ ಬಳಕೆಯ ಪ್ರಮಾಣವನ್ನೂ ಬೆಲೆಯಲ್ಲಿ ಪರಿಗಣಿಸಬೇಕು. ಗಿಡ್ಡ ಎಳೆ ನೂಲುವ ಒಂದು ಘಟಕ ಈ ಜಿಲ್ಲೆಯಲ್ಲೇ ಬಂದರೆ ಅರಳೆ ದೂರದ ಊರುಗಳಿಗೆ ಹೋಗುವುದು ತಪ್ಪಿ, ಕೂಲಿ ಇಲ್ಲೇ ಉಳಿಯುತ್ತದೆ.

ಹತ್ತಿ ಬೆಳೆಯುವ ಪ್ರತಿ ಮನೆಗೆ ಒಂದು ಮಾತು. ಬಿಡಿಸಿದ ಹತ್ತಿಯನ್ನು ಪ್ಲಾಸ್ಟಿಕ್ ಚೀಲಕ್ಕೆ ತುಂಬಬೇಡಿ. ಆ ಚೀಲದ ಎಳೆ ಅರಳೆಯಲ್ಲಿ ಸೇರಿದರೆ ಜಿನ್‌ನಲ್ಲೂ ಗಿರಣಿಯಲ್ಲೂ ಹೊರಬರದು, ಬಣ್ಣ ಹಾಕಿದ ಮೇಲೆ ಬಟ್ಟೆಯಲ್ಲಿ ಕಲೆಯಾಗಿ ಕಾಣುತ್ತದೆ. ನಮ್ಮ ಹತ್ತಿಯ ಹೆಸರು ಕೆಡಿಸಿದ ದೋಷಗಳಲ್ಲಿ ಇದೂ ಒಂದು. ಬಟ್ಟೆಯ ಚೀಲ, ಹಳೆ ಧೋತರದ ಗಂಟು ಸಾಕು. ಇದನ್ನು ಈ ಸುಗ್ಗಿಯಿಂದಲೇ ಶುರುಮಾಡಬಹುದು.