ಎರೆ ಭೂಮಿಯಲ್ಲಿ ತರಕಾರಿಗೆ ಏರುಮಡಿ: ಬಸಿಗಾಲುವೆಯ ಹೊಣೆ ಯಾರದು?

ಮಾನ್ಯ ಗ್ರಾಮ ಪಂಚಾಯತಿ ಸದಸ್ಯರ ಅವಗಾಹನೆಗೆ,

ದೇವದುರ್ಗ ಮತ್ತು ಮಾನ್ವಿ ತಾಲ್ಲೂಕುಗಳು ಈಶಾನ್ಯ ಒಣ ವಲಯಕ್ಕೆ ಸೇರಿವೆ. ಮಳೆಗಾಗಿ ಮುಗಿಲು ನೋಡುವ ಈ ಸೀಮೆಯಲ್ಲಿ ನೀರು ಹೆಚ್ಚಾಗಿ ಬೆಳೆ ಕೆಡುತ್ತದೆ ಎಂದರೆ ವಿಚಿತ್ರವೆನಿಸಬಹುದು. ಎರೆ ಭೂಮಿಯಲ್ಲಿ ಮೆಣಸಿನಕಾಯಿ, ಬದನೆ, ಟೊಮೆಟೊ ಬೆಳೆದವರಿಗೆ ಮಾತ್ರ ಇದು ತಿಳಿದ ಸಂಗತಿ. ಹಿಂಗಾರಿಗೆ ಮುನ್ನ ಎರಡು ದಿನ ಬಿಡದೆ ಮಳೆ ಸುರಿದರೆ, ಸಮತಟ್ಟಾದ ಮಡಿಯ ಗಿಡ ನೀರಿನಲ್ಲಿ ನಿಂತೇ ಬಾಡತೊಡಗುತ್ತದೆ.

ಎರೆ ಮಣ್ಣಿನಲ್ಲಿ ಜೇಡಿಯ ಅಂಶ ಅಧಿಕ. ಬೇಸಿಗೆಯಲ್ಲಿ ಬಿರುಕು ಬಿಟ್ಟ ಈ ಮಣ್ಣು ಮೊದಲ ಮಳೆಯನ್ನು ಬೇಗನೆ ಹೀರುತ್ತದೆ. ಒದ್ದೆಯಾಗಿ ಉಬ್ಬಿ ಬಿರುಕು ಮುಚ್ಚಿದ ಬಳಿಕ ನೀರು ಕೆಳಗಿಳಿಯುವುದು ಅತಿ ನಿಧಾನ. ಆಗ ಬೇರಿಗೆ ಗಾಳಿ ದೊರೆಯದೆ ಅದು ಕೊಳೆಯುತ್ತದೆ. ಬೇರಿನ ಭಾಗವನ್ನು ನಿಂತ ನೀರಿಗಿಂತ ಮೇಲೆ ಇರಿಸುವುದೇ ಏರುಮಡಿಯ ಉದ್ದೇಶ.

ಹೈದರಾಬಾದ್ ಸಮೀಪದ ಪಟಾನ್‌ಚೆರುವಿನಲ್ಲಿ 1972ರಲ್ಲಿ ಸ್ಥಾಪನೆಯಾದ ಇಕ್ರಿಸ್ಯಾಟ್ ಸಂಸ್ಥೆಯು ಇಂತಹದೇ ಕಪ್ಪು ಮಣ್ಣಿಗಾಗಿ ಅಗಲವಾದ ಏರುಮಡಿ ಮತ್ತು ಸಾಲಿನ ಪದ್ಧತಿಯನ್ನು ರೂಪಿಸಿತು. ಅದರಲ್ಲಿ ಮಡಿಯ ಅಗಲ ಸುಮಾರು 1 ಮೀಟರ್, ನಡುವಿನ ಸಾಲು ಸುಮಾರು ಅರ್ಧ ಮೀಟರ್. ಇಳಿಜಾರಿಗೆ ಅಡ್ಡಲಾಗಿ, 100 ಅಡಿಗೆ ಸುಮಾರು ಅರ್ಧ ಅಡಿಯಷ್ಟು ಇಳಿತವಿರುವಂತೆ ಸಾಲು ಹೊಡೆಯಬೇಕು. ಇದಕ್ಕಿಂತ ಹೆಚ್ಚು ಇಳಿತವಾದರೆ ಮಣ್ಣು ಕೊಚ್ಚಿಹೋಗುತ್ತದೆ. ಕೈತೋಟಕ್ಕೆ ಯಂತ್ರ ಬೇಕಿಲ್ಲ, ಸಲಿಕೆಯಿಂದ ಅರ್ಧ ಅಡಿಯಿಂದ ಮುಕ್ಕಾಲು ಅಡಿ ಎತ್ತರಕ್ಕೆ ಮಣ್ಣು ಏರಿಸಿ, ಕೊಳೆತ ತಿಪ್ಪೆಗೊಬ್ಬರ ಬೆರೆಸಿದರೆ ಸಾಕು.

ಹದ ನೋಡಿಯೇ ಕೆಲಸ ಹಿಡಿಯಬೇಕು. ಹಸಿ ಎರೆಯನ್ನು ತುಳಿದು ಏರಿಸಿದ ಮಡಿ ಒಣಗಿದ ಮೇಲೆ ಇಟ್ಟಿಗೆಯಂತಾಗುತ್ತದೆ. ಹಿಡಿ ಮಣ್ಣಿನ ಉಂಡೆ ಕಟ್ಟಿ ಸೊಂಟದೆತ್ತರದಿಂದ ಬಿಡಿ. ಅದು ಪುಡಿಯಾದರೆ ಹದವಾಗಿದೆ, ಚಪ್ಪಟೆಯಾದರೆ ಇನ್ನೆರಡು ದಿನ ಕಾಯಬೇಕು.

ನಾರಾಯಣಪುರ ಬಲದಂಡೆ ಕಾಲುವೆ ಅಥವಾ ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಹಾಯುವ ಕಡೆ ಸವುಳಿನ ತೊಂದರೆಯಿದ್ದರೆ ಇನ್ನೊಂದು ಎಚ್ಚರಿಕೆ ಅಗತ್ಯ. ಸಾಲಿಗೆ ಬಿಟ್ಟ ನೀರು ಮಡಿಯೊಳಗೆ ಏರುವಾಗ ಉಪ್ಪನ್ನೂ ಒಯ್ದು ನೆತ್ತಿಯಲ್ಲಿ ಬಿಡುತ್ತದೆ. ಅಲ್ಲಿ ಸಸಿ ನೆಡಬಾರದು. ಮಡಿಯ ಮಗ್ಗುಲಲ್ಲಿ, ನೀರಿನ ಅಂಚಿಗಿಂತ ತುಸು ಮೇಲೆ ನೆಡುವುದು ಲೇಸು.

ಮಸಾರಿ ಭೂಮಿಯ ಗ್ರಾಮಗಳಿಗೆ ಈ ಸಲಹೆಯನ್ನು ಹಾಗೆಯೇ ಅನ್ವಯಿಸಬಾರದು. ಅಲ್ಲಿ ನೀರು ತಾನಾಗಿ ಬಸಿಯುತ್ತದೆ, ಬೇಸಿಗೆಯಲ್ಲಿ ಏರುಮಡಿ ಬೇಗ ಒಣಗುತ್ತದೆ. ಅಲ್ಲಿನ ಬೇಸಿಗೆ ತರಕಾರಿಗೆ ತಗ್ಗಿನ ಮಡಿಯೇ ಸೂಕ್ತ.

ಇನ್ನು ಸದಸ್ಯರು ವಿಶೇಷವಾಗಿ ಗಮನಿಸಬೇಕಾದ ವಿಷಯ. ಮಡಿ ಏರಿಸುವುದು ರೈತರ ಕೆಲಸ. ಆದರೆ ಸಾಲಿನ ನೀರು ಹೊಲದ ತುದಿಗೆ ಬಂದ ಮೇಲೆ ಎಲ್ಲಿಗೆ ಹೋಗಬೇಕು? ಬಸಿಗಾಲುವೆ ಇಲ್ಲದಿದ್ದರೆ ಅದು ಕೆಳಗಿನ ಹೊಲಕ್ಕೆ ನುಗ್ಗುತ್ತದೆ; ಬದುವಿನ ಜಗಳ ಪಂಚಾಯತಿ ಕಟ್ಟೆಗೆ ಬರುತ್ತದೆ. ರಸ್ತೆ ಬದಿಯ ಚರಂಡಿ ಹೂಳು ತುಂಬಿದ್ದರೆ, ಸಿಡಿ ಕೆಳಗೆ ಜಾಲಿ ಬೆಳೆದಿದ್ದರೆ, ಹಳ್ಳದ ದಾರಿ ಒತ್ತುವರಿಯಾಗಿದ್ದರೆ ಎಷ್ಟೇ ಎತ್ತರದ ಮಡಿಯೂ ಬೆಳೆಯನ್ನು ಉಳಿಸಲಾರದು. 1993ರ ಪಂಚಾಯತ್ ರಾಜ್ ಅಧಿನಿಯಮವು ಗ್ರಾಮದ ರಸ್ತೆ, ಚರಂಡಿ ಮತ್ತು ಸಿಡಿಗಳ ನಿರ್ವಹಣೆಯನ್ನು, ಕೃಷಿ ಹಾಗೂ ತೋಟಗಾರಿಕೆಯ ಅಭಿವೃದ್ಧಿಯನ್ನು ಗ್ರಾಮ ಪಂಚಾಯತಿಗೆ ವಹಿಸಿದೆ. ಇವೆರಡನ್ನೂ ಬೇರೆ ಬೇರೆ ಕಡತಗಳಲ್ಲಿ ನೋಡುವ ರೂಢಿಯೇ ನಷ್ಟಕ್ಕೆ ಒಂದು ಕಾರಣವೆನ್ನಬಹುದು.

ಶಾಲೆ ಮತ್ತು ಅಂಗನವಾಡಿ ಕೈತೋಟಗಳಲ್ಲಿಯೂ ಇದೇ ಕ್ರಮ ಅನುಸರಿಸಬೇಕು. ಆವರಣದ ಗೋಡೆಯಲ್ಲಿ ನೀರು ಹೊರಹೋಗಲು ಕಂಡಿ ಇದೆಯೇ ಎಂಬುದನ್ನು ಸಸಿ ತರಿಸುವ ಮುನ್ನವೇ ಪರಿಶೀಲಿಸತಕ್ಕದ್ದು. ಮೇ ತಿಂಗಳಲ್ಲಿ, ಮುಂಗಾರಿಗೆ ಮೊದಲು, ಆಯಾ ವಾರ್ಡಿನ ಸದಸ್ಯರು ರೈತರೊಂದಿಗೆ ಬಸಿಗಾಲುವೆಯ ಉದ್ದಕ್ಕೂ ಹಳ್ಳದವರೆಗೆ ನಡೆದು, ನೀರು ತಡೆಯುವ ಜಾಗಗಳನ್ನು ಗುರುತಿಸಿ, ಹೂಳೆತ್ತುವ ಕಾಮಗಾರಿಯ ಪಟ್ಟಿಯನ್ನು ಗ್ರಾಮಸಭೆಯ ಮುಂದಿಡಲು ಕೋರಲಾಗಿದೆ. ಮಣ್ಣು ಪರೀಕ್ಷೆ ಹಾಗೂ ತಾಂತ್ರಿಕ ಸಲಹೆಗೆ ರೈತ ಸಂಪರ್ಕ ಕೇಂದ್ರವನ್ನು ಅಥವಾ ರಾಯಚೂರಿನ ಕೃಷಿ ವಿಜ್ಞಾನ ಕೇಂದ್ರವನ್ನು ಸಂಪರ್ಕಿಸಬಹುದು.